ಫ್ಲೈ ಡಬ್ಬಿ ತೆರೆಯುವ ಮೊದಲು ನೀರು ನೋಡಿ: ನಮ್ಮ ಕಡೆಯಿಂದ ಟ್ರೌಟ್ ನದಿಗೆ ಹೋಗುವವರಿಗೆ

ಮಾರ್ಚ್ ಬಂತೆಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಮಧ್ಯಾಹ್ನ ಹೊರಗೆ ಕಾಲಿಡುವುದೇ ಕಷ್ಟ. ಅದೇ ಮಾರ್ಚ್ 1ಕ್ಕೆ ಹಿಮಾಚಲದಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯುವ ಕಾಲ ಶುರುವಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಮೊಟ್ಟೆ ಇಡುವ ಸಮಯ, ಹಾಗಾಗಿ ಗಾಳ ಹಾಕುವಂತಿಲ್ಲ. ತುಂಗಭದ್ರೆ ದಡದಲ್ಲಿ ಗಾಳ ಹಿಡಿದು ಬೆಳೆದ ನಮ್ಮ ಹುಡುಗರು ಈಗೀಗ ಹಿಮಾಚಲದ ತೀರ್ಥನ್ ಕಣಿವೆಯ ವಿಡಿಯೊ ನೋಡಿ, ಫ್ಲೈ ರಾಡ್ ತರಿಸಿಕೊಂಡು, "ಅಣ್ಣಾ, ಯಾವ ಫ್ಲೈ ತಗೊಳ್ಳಲಿ?" ಅಂತ ಕೇಳುತ್ತಾರೆ. ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೀರು ಎಷ್ಟು ತಣ್ಣಗಿದೆ ನೋಡಬೇಕು. ಆಮೇಲೆ ಅದರ ಬಣ್ಣ. ಆಮೇಲೆ ಮೀನು ನಿಲ್ಲುವ ಜಾಗ, ಕಲ್ಲಿನಡಿಯ ಹುಳ. ಇಷ್ಟು ಗೊತ್ತಾದರೆ ಡಬ್ಬಿಯಲ್ಲಿ ಎಂಟು ಹತ್ತು ನಮೂನೆ ಫ್ಲೈ ಇದ್ದರೂ ಸಾಕು, ಗೊತ್ತಿಲ್ಲದಿದ್ದರೆ ನೂರು ಇದ್ದರೂ ಉಪಯೋಗವಿಲ್ಲ.

ಹೊಸಬರಿಗೆ ಒಂದು ಮಾತು. ಫ್ಲೈ ಅಂದರೆ ಸಣ್ಣ ಕೊಕ್ಕೆಗೆ ಗರಿ, ಉಣ್ಣೆ, ದಾರ ಸುತ್ತಿ ಹುಳದ ಹಾಗೆ ಮಾಡಿದ್ದು. ಅದಕ್ಕೆ ತೂಕವೇ ಇರುವುದಿಲ್ಲ. ನಾವು ಸೀಸದ ಗುಂಡು ಕಟ್ಟಿ ಎರೆಹುಳು ಎಸೆಯುವ ಹಾಗೆ ಅದನ್ನು ಎಸೆಯಲು ಆಗಲ್ಲ, ಅದಕ್ಕೇ ಈ ಆಟದಲ್ಲಿ ಲೈನೇ ದಪ್ಪ, ಲೈನಿನ ತೂಕವೇ ಫ್ಲೈಯನ್ನು ಮುಂದಕ್ಕೆ ಒಯ್ಯುತ್ತದೆ. ಒಂಬತ್ತು ಅಡಿಯ 5 ವೆಯ್ಟ್ ರಾಡ್ (5 ನಂಬರ್ ತೂಕದ ಲೈನಿಗೆ ಹೊಂದುವಂಥದ್ದು), ತೇಲುವ ಲೈನ್, ಅದರ ತುದಿಗೆ ಕಟ್ಟುವ ಒಂಬತ್ತು ಅಡಿಯ ತೆಳು ದಾರ, ಅಂದರೆ ಲೀಡರ್. ಟ್ರೌಟ್‌ಗೆ ಇಷ್ಟು ಸಾಕು. ರೀಲಿಗೆ ಜಾಸ್ತಿ ಖರ್ಚು ಮಾಡಬೇಡಿ, ಆ ದುಡ್ಡನ್ನು ಒಳ್ಳೆ ಲೈನಿಗೆ ಹಾಕಿ.

ಟ್ರೌಟ್ ನಮ್ಮ ತುಂಗಭದ್ರೆಯಲ್ಲೋ ಕೃಷ್ಣೆಯಲ್ಲೋ ಬದುಕುವ ಮೀನಲ್ಲ. ಅದಕ್ಕೆ ತಣ್ಣಗಿನ, ಗಾಳಿ ಚೆನ್ನಾಗಿ ಬೆರೆತ ನೀರು ಬೇಕು, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಹಿಮಾಚಲಕ್ಕೂ ಅದು ಹೊರಗಿನಿಂದ ಬಂದ ಮೀನೇ. ಬ್ರೌನ್ ಟ್ರೌಟ್ ಯುರೋಪಿನದು, ರೈನ್‌ಬೋ ಟ್ರೌಟ್ ಉತ್ತರ ಅಮೆರಿಕದ್ದು. ಬ್ರಿಟಿಷರ ಕಾಲದಲ್ಲಿ, 1909ರ ಸುಮಾರಿಗೆ, ಕುಲ್ಲು ಕಡೆಯ ನದಿಗಳಿಗೆ ಟ್ರೌಟ್ ತಂದು ಬಿಟ್ಟರು. ನೀಲಗಿರಿ, ಮುನ್ನಾರ್ ಬೆಟ್ಟಗಳಲ್ಲೂ ಟ್ರೌಟ್ ಇದೆ, ನಮಗೆ ಅದೇ ಹತ್ತಿರ. ಆದರೆ ಅಲ್ಲಿ ಹಿಮ ಕರಗುವ ಮಾತಿಲ್ಲ. ಇಲ್ಲಿ ಹೇಳುವುದೆಲ್ಲ ಹಿಮದ ನೀರಿನ ನದಿಗಳಿಗೆ: ತೀರ್ಥನ್, ಸೈಂಜ್, ಪಬ್ಬರ್, ಬಾಸ್ಪಾ, ಬರೋಟ್ ಊರಿನ ಊಹಲ್ ನದಿ.

ಈಗ ನೀರಿನ ವಿಷಯ. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ಅಕ್ವೇರಿಯಂಗೆ ಹಾಕುವುದಾದರೂ ನಡೆಯುತ್ತದೆ. ದಾರ ಕಟ್ಟಿ ನೆರಳಿರುವ ಕಡೆ ಎರಡು ನಿಮಿಷ ಮುಳುಗಿಸಿ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇದ್ದರೆ ಟ್ರೌಟ್ ತಳದಲ್ಲಿ ಸುಮ್ನೆ ಬಿದ್ದಿರುತ್ತದೆ, ಬಾಯಿ ಮುಂದೆ ಬಂದದ್ದನ್ನಷ್ಟೇ ತಿನ್ನುತ್ತದೆ. 7, 8 ಡಿಗ್ರಿಗೆ ಮೈ ಮುರಿದು ಎದ್ದೇಳುತ್ತದೆ. 10ರಿಂದ 15ರವರೆಗೆ ಚೆನ್ನಾಗಿ ತಿನ್ನುವ ಹೊತ್ತು. 18 ದಾಟಿದರೆ ಎಚ್ಚರ, 20 ಮುಟ್ಟಿದರೆ ಗಾಳ ಎತ್ತಿಟ್ಟುಬಿಡಿ, ಆ ನೀರಿನಲ್ಲಿ ಎಳೆದಾಡಿಸಿಕೊಂಡ ಮೀನನ್ನು ವಾಪಸ್ ಬಿಟ್ಟರೂ ಅದು ಉಳಿಯುವುದು ಕಷ್ಟ. ಮಾರ್ಚ್‌ನಲ್ಲಿ ನಿಮಗೆ ಸಿಗುವುದು ಈ ಲೆಕ್ಕದ ಕೆಳಗಿನ ಭಾಗ, ಮೇ ಹೊತ್ತಿಗೆ ನಡುವಿನ ಭಾಗ.

ನಮ್ಮ ಕಡೆಯವರು ತುಂಬಾ ಜನ ಎಡವುವುದು ಇಲ್ಲೇ. ನಮಗೆ ರೂಢಿಯೇನು? ಬೇಸಿಗೆಯಲ್ಲಿ ಬೆಳಗ್ಗೆ ಐದಕ್ಕೇ ದಡ ಸೇರಬೇಕು, ಎಂಟಕ್ಕೆಲ್ಲ ಮನೆಗೆ ಬರಬೇಕು, ಮತ್ತೆ ಸಂಜೆ ಬಿಸಿಲು ಇಳಿದ ಮೇಲೆ. ಅದೇ ರೂಢಿಯಲ್ಲಿ ತೀರ್ಥನ್ ದಡಕ್ಕೆ ಮಾರ್ಚ್‌ನಲ್ಲಿ ನಸುಕಿಗೇ ಹೋಗಿ ನಿಂತರೆ ಬೆರಳು ಮರಗಟ್ಟುತ್ತದೆ, ರಾಡಿನ ಕಣ್ಣುಗಳಲ್ಲಿ ಮಂಜುಗಡ್ಡೆ ಕೂಡ ಕಟ್ಟಬಹುದು, ಮೀನು ಮಾತ್ರ ಬಾಯಿ ತೆರೆಯುವುದಿಲ್ಲ. ಮಾರ್ಚ್‌ನಲ್ಲಿ ನಿಧಾನವಾಗಿ ತಿಂಡಿ ತಿಂದು ಹೊರಡಿ. ಹನ್ನೊಂದರಿಂದ ಮೂರು ಗಂಟೆವರೆಗೆ ನಿಮ್ಮ ಸಮಯ. ಬಿಸಿಲು ಬಿದ್ದು ನೀರು ಒಂದೆರಡು ಡಿಗ್ರಿ ಏರಿದರೂ ಸಾಕು, ಹುಳ ಎದ್ದೇಳುತ್ತದೆ, ಅದರ ಹಿಂದೆ ಮೀನೂ ಏಳುತ್ತದೆ.

ಏಪ್ರಿಲ್ ಕೊನೆ, ಮೇ ಹೊತ್ತಿಗೆ ಲೆಕ್ಕ ಉಲ್ಟಾ. ಈಗ ಮೇಲಿನ ಬೆಟ್ಟದ ಹಿಮ ಜೋರಾಗಿ ಕರಗುತ್ತದೆ. ಹಗಲಿನ ಬಿಸಿಲಿಗೆ ಕರಗಿದ ನೀರು ಕೆಳಗೆ ಬಂದು ಮುಟ್ಟಲು ಕೆಲವು ಗಂಟೆ ಬೇಕು, ಹಾಗಾಗಿ ಮಧ್ಯಾಹ್ನದ ಮೇಲೆ ನದಿ ಏರುತ್ತದೆ, ಬಣ್ಣ ಕೆಡುತ್ತದೆ, ಮತ್ತೆ ತಣ್ಣಗಾಗುತ್ತದೆ. ರಾತ್ರಿ ಮೇಲೆ ಹೆಪ್ಪುಗಟ್ಟಿದರೆ ಮರುದಿನ ಬೆಳಗ್ಗೆ ನೀರು ಇಳಿದು ತಿಳಿಯಾಗಿರುತ್ತದೆ. ಅಂಥ ದಿನ ಬೆಳಗ್ಗೆಯೇ ಮೀನು ಹಿಡಿದು ಮುಗಿಸಬೇಕು. ಮೋಡ ಕವಿದ ದಿನ ಹಿಮ ಕಡಿಮೆ ಕರಗುತ್ತದೆ, ನೀರು ಸ್ಥಿರವಾಗಿರುತ್ತದೆ, ಜೊತೆಗೆ ಮೇಫ್ಲೈ ಎಂಬ ಸಣ್ಣ ಹಾರುವ ಹುಳಗಳು ಮೋಡದ ದಿನವೇ ಜಾಸ್ತಿ ಏಳುತ್ತವೆ. ಬಿಸಿಲಿಲ್ಲ ಅಂತ ಕೋಣೆಯಲ್ಲಿ ಕೂರಬೇಡಿ. ನನ್ನನ್ನು ಕೇಳಿದರೆ ಏಪ್ರಿಲ್ ತಿಂಗಳೇ ಎಲ್ಲಕ್ಕಿಂತ ಒಳ್ಳೆಯದು. ಜೂನ್‌ನಲ್ಲಿ ನೀರು ಜಾಸ್ತಿ, ಅದರ ಹಿಂದೆಯೇ ಮಳೆ.

ಬಣ್ಣ ನೋಡುವುದು ಸುಲಭ. ಮೊಣಕಾಲು ಆಳದ ನೀರಿನಲ್ಲಿ ನಿಂತು ಕೆಳಗೆ ನೋಡಿ. ನಿಮ್ಮ ಬೂಟಿನ ದಾರ ಕಾಣುತ್ತದೆಯಾ? ಹಾಗಾದರೆ ನೀರು ತಿಳಿ, ಮೀನಿಗೂ ನೀವು ಅಷ್ಟೇ ಸ್ಪಷ್ಟವಾಗಿ ಕಾಣುತ್ತೀರಿ. ಬಾಗಿ ನಡೆಯಿರಿ, ಕೆಳಗಿನಿಂದ ಮೇಲಕ್ಕೆ ಹೋಗಿ, ಏಕೆಂದರೆ ಮೀನು ಹರಿವಿಗೆ ಮುಖ ಮಾಡಿ ನಿಂತಿರುತ್ತದೆ. ಲೀಡರ್ ತುದಿಗೆ ತೆಳು ದಾರ, ಸಣ್ಣ ಫ್ಲೈ, ಮಂಕು ಬಣ್ಣ. ಬೂಟು ಕಾಣುತ್ತದೆ, ಅದರ ದಾರ ಕಾಣುವುದಿಲ್ಲ, ನೀರು ಸ್ವಲ್ಪ ಹಾಲು ಬೆರೆಸಿದ ಹಸಿರಾಗಿದೆ ಅಂದರೆ ಖುಷಿಪಡಿ. ಮೀನಿಗೆ ಅಂಜಿಕೆ ಕಡಿಮೆ, ಆದರೂ ಹುಳ ಕಾಣುತ್ತದೆ. ಒಂದು ಸೈಜ್ ದೊಡ್ಡದು, ಕಡು ಬಣ್ಣ, ತಲೆಗೆ ಬಂಗಾರ ಬಣ್ಣದ ಮಣಿ ಇರುವ ಫ್ಲೈ ಹಾಕಿ. ಬೂಟೇ ಕಾಣದಷ್ಟು ಬೂದು ಬಣ್ಣವಾದರೆ ನಡುನೀರಿನಲ್ಲಿ ಕೆಲಸವಿಲ್ಲ. ದಡದಿಂದ ಒಂದು ಮೀಟರ್ ಒಳಗೆ, ನೀರು ಮೆಲ್ಲಗೆ ಹರಿಯುವ ಕಡೆ ವೂಲಿ ಬಗರ್ ಎಂಬ ದೊಡ್ಡ ಕಪ್ಪು ಫ್ಲೈ ಎಳೆಯಿರಿ. ಇಲ್ಲವೇ ತಿಳಿ ನೀರಿನ ಉಪಹೊಳೆ ಬಂದು ಸೇರುವ ಜಾಗ ಹುಡುಕಿ, ಮೀನೂ ಅದನ್ನೇ ಹುಡುಕುತ್ತಿರುತ್ತದೆ.

ಮೀನು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಮಾತ್ರ ನೀವು ಇಲ್ಲೇ, ಊರಲ್ಲೇ ಕಲಿಯಬಹುದು. ಆನೆಗೊಂದಿ ಹತ್ತಿರ ತುಂಗಭದ್ರೆ ಬಂಡೆಗಳ ನಡುವೆ ಹೇಗೆ ಹರಿಯುತ್ತದೆ ನೋಡಿದ್ದೀರಲ್ವಾ? ಬಂಡೆಯ ಹಿಂದೆ ಒಂದು ತುಂಡು ನೀರು ನಿಂತಂತೆ ಇರುತ್ತದೆ, ಪಕ್ಕದಲ್ಲಿ ರಭಸದ ನೀರು, ಎರಡರ ನಡುವೆ ನೊರೆ, ಎಲೆ, ಕಡ್ಡಿ ಸಾಲಾಗಿ ಹೋಗುವ ಒಂದು ಗೆರೆ. ಆ ಗೆರೆಯೇ ಮುಖ್ಯ. ರಭಸದ ನೀರು ಊಟ ತರುತ್ತದೆ, ನಿಧಾನದ ನೀರಿನಲ್ಲಿ ಮೀನು ಶ್ರಮವಿಲ್ಲದೆ ನಿಲ್ಲುತ್ತದೆ, ಗೆರೆಯ ಈಚೆ ನಿಂತು ಆಚೆ ಬಾಯಿ ಹಾಕುತ್ತದೆ. ತಣ್ಣನೆ ನೀರಿನಲ್ಲಿ ಮೀನಿನ ಶಕ್ತಿ ಕಡಿಮೆ, ಹಾಗಾಗಿ ಮಾರ್ಚ್‌ನಲ್ಲಿ ಅದು ಇನ್ನೂ ನಿಧಾನದ ಕಡೆಗೆ, ಮಡುವಿನ ಆಳಕ್ಕೆ ಸರಿಯುತ್ತದೆ. ನೀರು ಬೆಚ್ಚಗಾದ ಹಾಗೆ ಮಡುವಿನ ತಲೆಗೆ, ಕಲ್ಲುಗಳ ಮೇಲೆ ಹಾರುವ ತೆಳು ನೀರಿಗೆ ಬರುತ್ತದೆ. ನದಿ ದಡದಲ್ಲಿ ಕೂತು ಒಂದು ಕಡ್ಡಿ ಬಿಡಿ, ಅದು ಎಲ್ಲಿ ಓಡುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಹಿಂದಕ್ಕೆ ಸುತ್ತುತ್ತದೆ ನೋಡಿ. ಹರಿಗೋಲು ಹಾಕುವ ಅಂಬಿಗರಿಗೆ ಇದೆಲ್ಲ ಚೆನ್ನಾಗಿ ಗೊತ್ತು, ಅವರ ಹತ್ತಿರ ಒಂದು ಸಂಜೆ ಮಾತಾಡಿದರೆ ಬಹಳ ಕಲಿಯಬಹುದು.

ಆದರೆ ಅಲ್ಲಿ ನೋಡಿ ಕಲಿಯಿರಿ, ಗಾಳ ಹಾಕಬೇಡಿ. ಟಿಬಿ ಡ್ಯಾಂನಿಂದ ಕಂಪ್ಲಿ ಸೇತುವೆವರೆಗಿನ ಸುಮಾರು 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ದೇಶದಲ್ಲಿ ನೀರುನಾಯಿಗಾಗಿ ಆದ ಮೊದಲ ಮೀಸಲು ಅದು, ನಮ್ಮ ಹೆಮ್ಮೆ. ಜೊತೆಗೆ ತುಂಗಭದ್ರೆಯಲ್ಲೂ ಕೃಷ್ಣೆಯಲ್ಲೂ ಮೊಸಳೆ ಇದೆ, ಟ್ರೌಟ್ ನದಿಯ ಹಾಗೆ ನೀರಿಗಿಳಿದು ನಡೆಯುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಲೈನ್ ಎಸೆಯುವ ಅಭ್ಯಾಸಕ್ಕೆ ಶಾಲೆ ಮೈದಾನ ಅಥವಾ ಕೊಯ್ಲಾದ ಗದ್ದೆ ಸಾಕು, ಕೊಕ್ಕೆ ಬದಲು ತುದಿಗೆ ಉಲ್ಲನ್ ದಾರದ ತುಂಡು ಕಟ್ಟಿ. ಕೊಪ್ಪಳದ ಬಯಲು ಗಾಳಿಯಲ್ಲಿ ಲೈನ್ ನೇರ ಹಾಕಲು ಬಂದರೆ ಕಣಿವೆಯ ಗಾಳಿ ನಿಮ್ಮನ್ನು ಹೆದರಿಸುವುದಿಲ್ಲ. ನಿಜವಾದ ಮೀನೇ ಬೇಕೆಂದರೆ ಊರ ಕೆರೆಯ ಜಿಲೇಬಿ ಮೀನು ಸಣ್ಣ ನಿಂಫಿಗೆ, ಅಂದರೆ ನೀರೊಳಗಿನ ಮರಿಹುಳದ ಹಾಗೆ ಕಟ್ಟಿದ ಮುಳುಗುವ ಫ್ಲೈಗೆ, ಚೆನ್ನಾಗಿ ಬರುತ್ತದೆ. ಕೆರೆ ಗುತ್ತಿಗೆ ಹಿಡಿದವರನ್ನು ಕೇಳಿಯೇ ಹಾಕಿ.

ಟ್ರೌಟ್ ನದಿಗೆ ಬಂದ ಕೂಡಲೇ ರಾಡ್ ಜೋಡಿಸಬೇಡಿ. ಮೊದಲು ದಡದ ಹತ್ತಿರ ಮುಷ್ಟಿ ಗಾತ್ರದ ನಾಲ್ಕು ಕಲ್ಲು ಎತ್ತಿ ತಳ ನೋಡಿ. ಎರಡೇ ಬಾಲ, ದಪ್ಪ ಕಾಲು, ಕಲ್ಲಿಗೆ ಅಂಟಿ ತೆವಳುವ ಹುಳ ಕಂಡರೆ ಅದು ಸ್ಟೋನ್‌ಫ್ಲೈ ಮರಿ. ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ತೆಳ್ಳನೆ ಕಿವಿರು ಅಲ್ಲಾಡುತ್ತಿದ್ದರೆ ಮೇಫ್ಲೈ ಮರಿ. ಮರಳು ಕಾಳು, ಕಡ್ಡಿ ಚೂರು ಅಂಟಿಸಿಕೊಂಡು ಮಾಡಿದ ಕೊಳವೆ ಇದ್ದರೆ ಒಳಗಿರುವುದು ಕ್ಯಾಡಿಸ್. ಹಾರುವ ಹುಳವನ್ನು ರೆಕ್ಕೆಯಿಂದಲೇ ಗುರುತಿಸಬಹುದು: ಮೇಫ್ಲೈ ರೆಕ್ಕೆ ಮೇಲಕ್ಕೆ ಎತ್ತಿ ನಿಲ್ಲಿಸುತ್ತದೆ, ಸ್ಟೋನ್‌ಫ್ಲೈ ಬೆನ್ನ ಮೇಲೆ ಚಪ್ಪಟೆ ಮಡಚುತ್ತದೆ, ಕ್ಯಾಡಿಸ್ ರೆಕ್ಕೆ ಗುಡಿಸಲ ಮಾಡಿನ ಹಾಗೆ ಎರಡೂ ಕಡೆ ಇಳಿಬಿದ್ದಿರುತ್ತದೆ. ಹುಳದ ಹೆಸರು ಮರೆತರೂ ಪರವಾಗಿಲ್ಲ. ಗಾತ್ರ, ಬಣ್ಣ ನೆನಪಿಟ್ಟುಕೊಂಡು ಡಬ್ಬಿ ತೆರೆಯಿರಿ.

ಈಗ ಫ್ಲೈ. ಕೊಕ್ಕೆ ನಂಬರ್ ದೊಡ್ಡದಾದಷ್ಟೂ ಫ್ಲೈ ಚಿಕ್ಕದು, 18 ಅಂದರೆ ಪುಟಾಣಿ, 8 ಅಂದರೆ ದೊಡ್ಡದು. ವಸಂತದಲ್ಲಿ ಟ್ರೌಟ್ ತಿನ್ನುವುದರಲ್ಲಿ ಹೆಚ್ಚಿನ ಪಾಲು ನೀರಿನ ಒಳಗೇ, ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಜಾಗ ನಿಂಫ್‌ಗಳಿಗೆ ಕೊಡಿ. ಒಂದೇ ಒಂದು ನಿಂಫ್ ಒಯ್ಯಬೇಕೆಂದರೆ ನಾನು ಫೆಸೆಂಟ್ ಟೇಲ್ ಒಯ್ಯುತ್ತೇನೆ, 14ರಿಂದ 18ರವರೆಗೆ. ಇಂಗ್ಲೆಂಡಿನ ಏವನ್ ನದಿಯನ್ನು ನೋಡಿಕೊಳ್ಳುತ್ತಿದ್ದ ಫ್ರಾಂಕ್ ಸಾಯರ್ ಕಟ್ಟಿದ ಫ್ಲೈ ಅದು, ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆ ಮತ್ತು ತಾಮ್ರದ ತಂತಿ ಬಿಟ್ಟು ಅವರು ಬೇರೇನೂ ಬಳಸಲಿಲ್ಲ, ದಾರ ಕೂಡ ಇಲ್ಲ. ಎಲ್ಲ ಬಗೆಯ ಮೇಫ್ಲೈ ಮರಿಗೂ ಅದು ಹೊಂದುತ್ತದೆ. ಇನ್ನೊಂದು ಹೇರ್ಸ್ ಇಯರ್, 12ರಿಂದ 16, ಕ್ಯಾಡಿಸ್‌ಗೂ ಮೇಫ್ಲೈಗೂ ನಡೆಯುತ್ತದೆ. ಸ್ಟೋನ್‌ಫ್ಲೈ ಮರಿಗೆ ಕಡು ಕಂದು ಅಥವಾ ಕಪ್ಪು ನಿಂಫ್, 8 ಅಥವಾ 10. ಮಾರ್ಚ್ ಮೊದಲ ವಾರಗಳಿಗೆ ಜೀಬ್ರಾ ಮಿಡ್ಜ್ 18, ಆ ಚಳಿಯಲ್ಲಿ ಬೇರೆ ಹುಳ ಏಳದ ದಿನವೂ ಮಿಡ್ಜ್ ಎಂಬ ಸೊಳ್ಳೆಯಂಥ ಪುಟ್ಟ ಹುಳ ಇದ್ದೇ ಇರುತ್ತದೆ. ನೀರ ಮೇಲೆ ತೇಲುವುದರಲ್ಲಿ ಆಡಮ್ಸ್ 14ರಿಂದ 18. 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ ಈ ಬೂದು ಫ್ಲೈ ಯಾವ ಒಂದು ಹುಳದ ನಕಲೂ ಅಲ್ಲ, ಅದಕ್ಕೇ ಎಲ್ಲದಕ್ಕೂ ಆಗಿಬರುತ್ತದೆ. ಮೋಡದ ಮಧ್ಯಾಹ್ನಕ್ಕೆ ಬ್ಲೂ ವಿಂಗ್ ಆಲಿವ್ 18. ಏಪ್ರಿಲ್ ಸಂಜೆಗೆ ಎಲ್ಕ್ ಹೇರ್ ಕ್ಯಾಡಿಸ್ 14, 16. ಕೊನೆಗೆ ಕೆಟ್ಟ ನೀರಿಗೆ ವೂಲಿ ಬಗರ್, ಕಪ್ಪು ಮತ್ತು ಆಲಿವ್, 8 ಅಥವಾ 10. ಪ್ರತಿಯೊಂದರಲ್ಲೂ ಮೂರು ನಾಲ್ಕು ಇಟ್ಟುಕೊಳ್ಳಿ. ತಳದ ಕಲ್ಲಿಗೆ ಸಿಕ್ಕಿ ಹೋಗುವುದು ಇದ್ದೇ ಇದೆ, ಸಿಕ್ಕಿ ಹೋಗುತ್ತಿಲ್ಲ ಅಂದರೆ ನಿಮ್ಮ ನಿಂಫ್ ತಳ ಮುಟ್ಟುತ್ತಿಲ್ಲ ಎಂದೇ ಅರ್ಥ.

ಇವನ್ನು ಕೊಳ್ಳಲೇಬೇಕೆಂದಿಲ್ಲ, ನಮ್ಮ ಕಡೆ ಸಾಮಾನು ಬೇಕಾದಷ್ಟಿದೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೆಳ್ಳನೆ ತಾಮ್ರದ ತಂತಿಯ ಚೂರು ಸಿಗುತ್ತದೆ. ಕಂಬಳಿ ನೇಯುವವರ ಮನೆಯಲ್ಲಿ ಕಪ್ಪು ಕುರಿ ಉಣ್ಣೆ ಒಂದು ಹಿಡಿ ಕೇಳಿ, ಸ್ಟೋನ್‌ಫ್ಲೈ ನಿಂಫಿನ ಮೈಗೆ ಅದಕ್ಕಿಂತ ಒಳ್ಳೆಯದು ಬೇಡ, ಒರಟಾಗಿರುವುದರಿಂದ ನೀರಿನಲ್ಲಿ ಕೂದಲು ಬಿಡಿಬಿಡಿಯಾಗಿ ಕಾಲಿನ ಹಾಗೆ ಅಲ್ಲಾಡುತ್ತದೆ. ನಾಟಿ ಹುಂಜದ ಕುತ್ತಿಗೆ ಗರಿ ತೇಲುವ ಫ್ಲೈಗೆ. ನವಿಲು ಗರಿಯ ಎಳೆಯೂ ಒಳ್ಳೆಯದೇ, ಆದರೆ ತಾನಾಗಿ ಉದುರಿದ ಗರಿ ಮಾತ್ರ. ಕೊಕ್ಕೆಯನ್ನಷ್ಟೇ ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಚಳಿಗಾಲದ ರಾತ್ರಿಗಳಲ್ಲಿ ಕೂತು ಕಟ್ಟಿದ ಫ್ಲೈಯಲ್ಲಿ ಮೀನು ಸಿಕ್ಕಾಗ ಆಗುವ ಸಂತೋಷ ಬೇರೆಯೇ.

ತುದಿಯ ದಾರ, ಅಂದರೆ ಟಿಪ್ಪೆಟ್, ಎಷ್ಟು ದಪ್ಪ ಇರಬೇಕು? ಫ್ಲೈ ನಂಬರನ್ನು 3ರಿಂದ ಭಾಗಿಸಿ. 12ಕ್ಕೆ 4ಎಕ್ಸ್, 15, 16ಕ್ಕೆ 5ಎಕ್ಸ್, 18ಕ್ಕೆ 6ಎಕ್ಸ್. ಎಕ್ಸ್ ಸಂಖ್ಯೆಯನ್ನು 11ರಿಂದ ಕಳೆದರೆ ದಾರದ ದಪ್ಪ ಇಂಚಿನ ಸಾವಿರದ ಎಷ್ಟನೇ ಭಾಗ ಅಂತ ಬರುತ್ತದೆ, 5ಎಕ್ಸ್ ಅಂದರೆ ಸಾವಿರದ 6 ಭಾಗ, ಸುಮಾರು 0.15 ಮಿಲಿಮೀಟರ್. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ.

ನಾನು ಒತ್ತಿ ಹೇಳಬೇಕಾದ ಮಾತು ಇದು: ಮೀನು ಬರುತ್ತಿಲ್ಲ ಅಂತ ಫ್ಲೈ ಬದಲಿಸುವ ಮೊದಲು ಆಳ ಬದಲಿಸಿ. ತಣ್ಣನೆ ನೀರಿನ ಟ್ರೌಟ್ ಒಂದು ಗೇಣು ಮೇಲಕ್ಕೂ ಏಳುವುದಿಲ್ಲ, ಊಟ ಅದರ ಮೂಗಿನ ಮುಂದೆ ಬರಬೇಕು. ಇಂಡಿಕೇಟರ್, ಅಂದರೆ ಲೀಡರಿಗೆ ಕಟ್ಟುವ ತೇಲುವ ಗುರುತು, ಅದರಿಂದ ನಿಂಫ್‌ವರೆಗಿನ ದಾರ ನೀರಿನ ಆಳದ ಒಂದೂವರೆ ಪಟ್ಟು ಇರಲಿ. ಆಗಾಗ ತಳಕ್ಕೆ ತಾಗಿ ಇಂಡಿಕೇಟರ್ ಒಂದು ಕ್ಷಣ ತಡೆಯುತ್ತಿದ್ದರೆ ಆಳ ಸರಿ. ತಡೆಯುತ್ತಿಲ್ಲವಾ, ಒಂದು ಸಣ್ಣ ಗುಂಡು ಸೇರಿಸಿ. ಆಮೇಲೆ ನೋಡಬೇಕಾದದ್ದು ಹರಿವು. ಇಂಡಿಕೇಟರ್ ಪಕ್ಕದ ನೊರೆಗಿಂತ ಜೋರಾಗಿ ಓಡುತ್ತಿದ್ದರೆ ಲೈನ್ ಅದನ್ನು ಎಳೆಯುತ್ತಿದೆ, ನಿಜವಾದ ಹುಳ ಹಾಗೆ ಓಡುವುದಿಲ್ಲ, ಮೀನು ಒಪ್ಪುವುದಿಲ್ಲ. ರಾಡ್ ತುದಿಯಿಂದ ಲೈನನ್ನು ಮೆಲ್ಲಗೆ ಎತ್ತಿ ಹರಿವಿನ ಮೇಲ್ಭಾಗಕ್ಕೆ ಹಾಕಿ, ಎಳೆತ ಬಿಡುತ್ತದೆ. ಆಳ, ಹರಿವು ಎರಡೂ ಸರಿಯಾದ ಮೇಲೂ ಬರಲಿಲ್ಲವೆಂದರೆ ಫ್ಲೈ ಗಾತ್ರ ಒಂದು ಮೆಟ್ಟಿಲು ಇಳಿಸಿ. ನಮೂನೆ, ಬಣ್ಣ ಬದಲಿಸುವುದು ಎಲ್ಲಕ್ಕಿಂತ ಕೊನೆಗೆ. ತುಂಬಾ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಇಡೀ ದಿನ ಫ್ಲೈ ಕಟ್ಟುವುದು ಬಿಚ್ಚುವುದರಲ್ಲೇ ಕಳೆಯುತ್ತಾರೆ.

ಮೀನು ಮೇಲೆ ಏಳುತ್ತಿದ್ದರೂ ಕೂಡಲೇ ಎಸೆಯಬೇಡಿ, ಸ್ವಲ್ಪ ನೋಡಿ. ಮೂತಿ ಕಂಡು, ನೀರ ಮೇಲೆ ಗುಳ್ಳೆ ಉಳಿದರೆ ಮೇಲಿನ ಹುಳವನ್ನೇ ತಿಂದಿದೆ, ಆಡಮ್ಸ್ ಹಾಕಿ. ಬರೀ ಬೆನ್ನು ಹೊರಳಿದ್ದು ಕಂಡು ಗುಳ್ಳೆ ಇಲ್ಲವೆಂದರೆ ಮೇಲಕ್ಕೆ ಏರುತ್ತಿರುವ ಹುಳವನ್ನು ತಿನ್ನುತ್ತಿದೆ, ಆಗ ಮಣಿಯಿಲ್ಲದ ಫೆಸೆಂಟ್ ಟೇಲನ್ನು ತೇಲುವ ಫ್ಲೈಗೆ ಒಂದಡಿ ದಾರದಲ್ಲಿ ಇಳಿಬಿಟ್ಟರೆ ಕೆಲಸ ಆಗುತ್ತದೆ.

ಲೈಸೆನ್ಸ್ ಬೇಕೇ ಬೇಕು, ಹಿಮಾಚಲದ ಮೀನುಗಾರಿಕೆ ಇಲಾಖೆ ಕೊಡುತ್ತದೆ, ದಿನದ ಲೆಕ್ಕದಲ್ಲೂ ಸಿಗುತ್ತದೆ. ಎಷ್ಟು ಮೀನು, ಯಾವ ಅಳತೆಯದು ಇಟ್ಟುಕೊಳ್ಳಬಹುದು ಅಂತ ಅಲ್ಲೇ ಕೇಳಿಕೊಳ್ಳಿ. ಕೊಕ್ಕೆಯ ತುದಿಯ ಹಿಂದಿರುವ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಮೀನಿಗೂ ನಿಮ್ಮ ಬೆರಳಿಗೂ ಒಳ್ಳೆಯದು. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಫೋಟೊಗಾಗಿ ಹೊತ್ತುಗಟ್ಟಲೆ ಎತ್ತಿ ಹಿಡಿಯಬೇಡಿ.

ನೀರಿಗೆ ಇಳಿಯುವಾಗ ಹುಷಾರು. ತೀರ್ಥನ್ ಹರಿದು ಬಂದು ಲಾರ್ಜಿ ಹತ್ತಿರ ಬಿಯಾಸ್ ಸೇರುತ್ತದೆ. ಅಲ್ಲಿನ ಅಣೆಕಟ್ಟೆಯಿಂದ 2014ರ ಜೂನ್‌ನಲ್ಲಿ ದಿಢೀರನೆ ನೀರು ಬಿಟ್ಟಾಗ ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್‌ನಲ್ಲಿ ಕೊಚ್ಚಿಹೋದರು. ಬಂಡೆಯ ಮೇಲೆ ನಿಂತಿದ್ದವರು ಅವರು, ಈಜಲು ಹೋದವರಲ್ಲ. ಟಿಬಿ ಡ್ಯಾಂ ಗೇಟ್ ತೆಗೆದಾಗ ನದಿ ಎಷ್ಟು ಬೇಗ ಬದಲಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅದೇ ಅಂಜಿಕೆಯನ್ನು ಅಲ್ಲಿಗೂ ಒಯ್ಯಿರಿ. ಅಣೆಕಟ್ಟೆಯ ಕೆಳಗೆ ಗಾಳ ಹಾಕಬೇಡಿ. ಹಿಮದ ನದಿಯಲ್ಲೂ ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ, ಅದು ಮುಳುಗುತ್ತಾ ಬಂತೆಂದರೆ ತಕ್ಷಣ ಆಚೆ ಬನ್ನಿ. ಮೊಣಕಾಲಿಗಿಂತ ಜಾಸ್ತಿ ಆಳಕ್ಕೆ ಒಬ್ಬರೇ ಹೋಗಬೇಡಿ.

ಹೋಗುವ ದಾರಿ: ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರ ದೆಹಲಿಗೆ ಹೋಗುತ್ತದೆ, ಬಳ್ಳಾರಿ ಕಡೆಯವರು ಗುಂತಕಲ್‌ನಲ್ಲಿ ಹತ್ತಬಹುದು. ದೆಹಲಿಯಿಂದ ಮನಾಲಿ ಬಸ್ಸಿನಲ್ಲಿ ಕೂತು ಔಟ್ ಸುರಂಗದ ಹತ್ತಿರ ಇಳಿದು, ಬಂಜಾರ್ ಮೇಲೆ ತೀರ್ಥನ್ ದಡದ ಗುಶೈನಿ ಊರಿಗೆ ಹೋಗಿ. ನಾಲ್ಕು ತುಂಡಾಗುವ ರಾಡ್ ತೆಗೆದುಕೊಂಡರೆ ಸೀಟಿನ ಕೆಳಗೆ ಹಿಡಿಸುತ್ತದೆ. ರೈಲು ಟಿಕೆಟ್ 60 ದಿನ ಮೊದಲೇ ಮಾಡಿಸಬಹುದು, ಬೇಸಿಗೆ ರಜೆಯ ಹೊತ್ತಿಗೆ ಬೇಗ ತುಂಬಿಹೋಗುತ್ತದೆ. ಏಪ್ರಿಲ್‌ಗೆ ಹೋಗುವ ಮನಸ್ಸಿದ್ದರೆ ಫೆಬ್ರವರಿಯಲ್ಲೇ ಮಾಡಿಸಿಬಿಡಿ.